ಎರಡಕ್ಷರದ ಸರ್‌ನೇಮ್ ಎಲ್ಲಾ ಹೊರಗಿನೋರದ್ದಲ್ಲ ಸ್ವಾಮಿ

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣಿಯಲ್ಲಿ ಚೀನಾದ ಅಪರೂಪದ ಸರ್‌ನೇಮ್‌ಗಳ ಬಗ್ಗೆ ಬಂದ ಲೇಖನ ಓದಿದೆ. ವಿಷ್ಯ ಚೆನ್ನಾಗಿತ್ತು, ಆದ್ರೆ ಒಂದು ಸಾಲು ಮಾತ್ರ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಂಗೆ ಆಗಿದೆ. ಎರಡಕ್ಷರದ (ಚೀನೀ ಲಿಪಿಯ ಲೆಕ್ಕದಲ್ಲಿ) ಸರ್‌ನೇಮ್ ಇರೋರೆಲ್ಲ ಉತ್ತರದ ಹುಲ್ಲುಗಾವಲಿಂದ ಕುದುರೆ ಏರಿ ಬಂದ ಅಲೆಮಾರಿಗಳ ವಂಶದೋರು ಅಂತ ಬರ್ದು, ಉದಾಹರಣೆಗೆ ಜೂಗ ಅನ್ನೋ ಮನೆತನಾನೇ ಹಾಕಿದ್ದೀರಿ. ಮುರೋಂಗ್, ಯುವೆನ್ ಅಂತ ಹಾಕಿದ್ರೆ ನಾನು ಸುಮ್ನೆ ಇರ್ತಿದ್ದೆ, ಅವು ನಿಜವಾಗ್ಲೂ ಹೊರಗಿಂದ ಬಂದಿದ್ದು. ಜೂಗ ಹಂಗಲ್ಲ.

ಅಸಲಿಗೆ ಅಲೆಮಾರಿಗಳ ಕಥೆ ಉಲ್ಟಾನೇ ಇದೆ. 496ರಲ್ಲಿ ಉತ್ತರ ವೇ ರಾಜ್ಯದ ದೊರೆ, ತಾನೇ ಅಲೆಮಾರಿ ಮೂಲದ ಷಿಯಾವೆನ್ ತನ್ನ ಮನೆತನದ ತುವೋಬಾ ಅನ್ನೋ ಹೆಸರನ್ನೇ ಯುವಾನ್ ಅಂತ ಒಂದಕ್ಷರಕ್ಕೆ ಇಳಿಸಿ, ತನ್ನ ಜನಾನೂ ಉದ್ದುದ್ದ ಹೆಸರು ಬಿಟ್ಟು ಚೀನೀ ಥರ ಇಟ್ಕೊಳ್ಳಿ ಅಂತ ಆರ್ಡರ್ ಮಾಡ್ದ.

ಈಗ ಜೂಗ ವಿಷ್ಯಕ್ಕೆ ಬರ್ತೀನಿ. ಮೂಲದಲ್ಲಿ ಇವ್ರ ಹೆಸರು ಬರೀ ಗ. ಈಗಿನ ಶಾನ್‌ಡಾಂಗ್ ಪ್ರಾಂತ್ಯದ ಜೂ ಅನ್ನೋ ಊರಲ್ಲಿದ್ರು, ಅದಕ್ಕೆ ಈಗ ಜೂಚೆಂಗ್ ಅಂತಾರೆ. ಅಲ್ಲಿಂದ ಯಾಂಗ್‌ಡೂ ಅನ್ನೋ ಕಡೆ ವಲಸೆ ಹೋದಾಗ ಅಲ್ಲಿ ಆಗ್ಲೇ ಗ ಮನೆತನದೋರು ಇದ್ರು, ಯಾವ ಗ ಅಂತ ಕೇಳಿದ್ರೆ ಜೂ ಊರಿನ ಗ ಅಂತ ಹೇಳಿ ಹೇಳಿ ಅದೇ ಜೂಗ ಆಗಿ ನಿಂತ್ಬಿಡ್ತು, ಅಷ್ಟೇ. ನಮ್ಮಜ್ಜಿ ಮನೆಯೋರು ಬಾಣಾವರ ಬಿಟ್ಟು ನಾಲ್ಕು ತಲೆಮಾರಾಯ್ತು, ಇವತ್ತಿಗೂ ನಮ್ಮೂರಲ್ಲಿ ಅವ್ರು ಬಾಣಾವರದೋರೇ, ಮದ್ವೆ ಕರೆಯೋಕೆ ಬಂದೋರೂ ಹಂಗೇ ವಿಚಾರಿಸ್ಕೊಂಡು ಬರ್ತಾರೆ. ಇನ್ನೊಂದು ಕಥೆ ಪ್ರಕಾರ ಚಿನ್ ಸಾಮ್ರಾಜ್ಯದ ವಿರುದ್ಧ ದಂಗೆ ಎದ್ದ ಚೆನ್ ಶೆಂಗ್ ತನ್ನ ಸೇನಾಪತಿ ಗ ಯಿಂಗ್ ಅನ್ನೋನನ್ನ ತಪ್ಪಿಲ್ದೇ ಕೊಲ್ಲಿಸ್ದ, ಆಮೇಲೆ ಹಾನ್ ದೊರೆ ವೆನ್ ಪಾಪ ಅಂತ ಅವನ ಮೊಮ್ಮಗನಿಗೆ ಜೂ ಸೀಮೆ ಬಿಟ್ಕೊಟ್ಟ, ಹಾಗಾಗಿ ಜೂ ಮತ್ತು ಗ ಸೇರ್ಕೊಂಡ್ವು. ನನಗೆ ಮೊದಲ್ನೇದೇ ಸರಿ ಅನ್ಸುತ್ತೆ, ಎರಡನೇದು ವಂಶಕ್ಕೆ ಒಂದು ಜಹಗೀರು ಇರ್ಲಿ ಅಂತ ಕಟ್ಟಿದಂಗಿದೆ. ಯಾವುದೇ ಆಗ್ಲಿ, ಎರಡರಲ್ಲೂ ಕುದುರೆ ಇಲ್ಲ, ಹುಲ್ಲುಗಾವಲೂ ಇಲ್ಲ.

ಈ ಹೆಸರು ಹರಡಿದ ಕಥೆ ಇನ್ನೂ ಮಜಾ ಇದೆ. ವಿಡಿಯೋ ಗೇಮ್ ಆಡೋ ಹುಡುಗ್ರಿಗೆಲ್ಲ ಗೊತ್ತಿರೋ ಮಂತ್ರಿ ಜೂಗ ಲಿಯಾಂಗ್ (181-234) ಇದೇ ಯಾಂಗ್‌ಡೂನೋನು, ಚಿಕ್ಕಂದಿನಲ್ಲೇ ತಂದೆ ತೀರ್ಕೊಂಡು ಚಿಕ್ಕಪ್ಪನ ಜೊತೆ ದಕ್ಷಿಣಕ್ಕೆ ಹೋಗಿ ಕೊನೆಗೆ ಶು ರಾಜ್ಯದ ಪ್ರಧಾನಿ ಆದ. ಅವನ ಅಣ್ಣ ಜಿನ್ ಸೇರಿದ್ದು ವೂ ರಾಜ್ಯ, ಅದೇ ಮನೆತನದ ಡಾನ್ ಇದ್ದಿದ್ದು ವೇ ರಾಜ್ಯ, ಮೂರೂ ರಾಜ್ಯ ಒಂದಕ್ಕೊಂದು ಕತ್ತಿ ಮಸೀತಿದ್ವು. ಶುಗೆ ಡ್ರ್ಯಾಗನ್ ಸಿಕ್ತು, ವೂಗೆ ಹುಲಿ, ವೇಗೆ ನಾಯಿ ಅಂತ ಜನ ಆಡ್ಕೊಂಡ್ರು, ನಾಯಿ ಅಂದಿದ್ದು ಬೈಗುಳಾನೋ ಹೊಗಳಿಕೆನೋ ಅಂತ ಪಂಡಿತರು ಇನ್ನೂ ಕಚ್ಚಾಡ್ತಾರೆ. ಮೂರು ಕಡೆ ಹರಡಿದ್ದಕ್ಕೆ ಹೊಡೆತಾನೂ ಮೂರು ಕಡೆ ಬಿತ್ತು: 253ರಲ್ಲಿ ವೂನಲ್ಲಿ ಜಿನ್ ಮಗ ಕ ಅನ್ನೋನನ್ನ ಮನೆಮಂದಿ ಸಮೇತ ಮುಗಿಸಿದ್ರು, 258ರಲ್ಲಿ ದಂಗೆ ಎದ್ದ ಡಾನ್ ಸತ್ತ, 263ರಲ್ಲಿ ಲಿಯಾಂಗ್ ಮಗ, ಮೊಮ್ಮಗ ಇಬ್ರೂ ಒಂದೇ ಯುದ್ಧದಲ್ಲಿ ಹೋದ್ರು. ಜಿನ್ ಕಡೆ ವಂಶ ನಿಂತೇ ಹೋಯ್ತು ಅನ್ನೋವಾಗ, ಹಿಂದೆ ಲಿಯಾಂಗ್‌ಗೆ ದತ್ತು ಕೊಟ್ಟಿದ್ದ ಹುಡುಗನ ಮಗನ್ನ ವಾಪಸ್ ಜಿನ್ ಮನೆಗೆ ತಂದು ದೀಪ ಹಚ್ಚೋಕೆ ಒಬ್ಬ ಆದ. ದತ್ತು ಕೊಟ್ಟಿದ್ದು ಕೈ ಹಿಡೀತು ನೋಡಿ.

ಡಾನ್ ಮೊಮ್ಮಗ ಜೂಗ ಹುಯಿ ಮುಂದೆ ಜಿನ್ ರಾಜವಂಶದ (ಇದು ಮೇಲೆ ಹೇಳಿದ ಅಣ್ಣ ಜಿನ್ ಅಲ್ಲ) ಆಸ್ಥಾನದಲ್ಲಿ ದೊಡ್ಡ ಅಧಿಕಾರಿ ಆದ. ಮಂತ್ರಿ ವಾಂಗ್ ಡಾವೊ ಒಂದ್ಸಲ ಅವನನ್ನ ಕೆಣಕಿ, ನಮ್ಮಿಬ್ರ ಮನೆತನ ಸೇರ್ಸಿ ಹೇಳೋವಾಗ ಜನ ವಾಂಗ್-ಗ ಅಂತಾರೇ ಹೊರತು ಗ-ವಾಂಗ್ ಅನ್ನಲ್ಲ ಯಾಕಪ್ಪಾ ಅಂದ. ಇವನು, ಕತ್ತೆ-ಕುದುರೆ ಅಂತೀವಿ, ಕುದುರೆ-ಕತ್ತೆ ಅನ್ನಲ್ಲ, ಹಂಗಂತ ಕತ್ತೆ ಮೇಲಾ ಅಂದ. ನನಗೆ ಈ ಇಡೀ ವಂಶದಲ್ಲಿ ಇಷ್ಟ ಆದೋನು ಇವನೇ.

ನಾನು ಫ್ಯಾನ್ಸಿ ಸಾಮಾನು ತರೋಕೆ ಅಂತ ಚೀನಾದ ಯಿವು ಊರಿಗೆ ಹೋಗ್ತಿದ್ದ ಕಾಲದಲ್ಲಿ, ಅದೇ ಜಿನ್‌ಹುವಾ ಸೀಮೆಯ ಲಾನ್‌ಷಿ ಹತ್ರ ಇರೋ ಜೂಗ ಹಳ್ಳಿಗೆ ಒಂದಿನ ಹೋಗಿದ್ದೆ. ಲಿಯಾಂಗ್ ವಂಶದ 27ನೇ ತಲೆಮಾರಿನ ಜೂಗ ದಾಷಿ ಅನ್ನೋನು 14ನೇ ಶತಮಾನದಲ್ಲಿ ಕಟ್ಟಿಸಿದ ಊರು. ನಡುವೆ ಒಂದು ಕೊಳ, ಪೂರ್ತಿ ಕೊಳ ಅಲ್ಲ, ಅರ್ಧ ನೀರು ಅರ್ಧ ಒಣ ನೆಲ, ಯಿನ್-ಯಾಂಗ್ ಚಿತ್ರ ಇರುತ್ತಲ್ಲ ಹಂಗೇ. ಸುತ್ತ ಸುಣ್ಣ ಬಳಿದ ಗೋಡೆ, ಕಪ್ಪು ಹೆಂಚು, ಅಲ್ಲಿಂದ ಓಣಿಗಳು ಎಂಟು ದಿಕ್ಕಿಗೆ. ನಾನು ಎರಡು ಸಲ ದಾರಿ ತಪ್ಪಿ ಅದೇ ಕೊಳದ ಹತ್ರ ಬಂದು ನಿಂತೆ, ಬಟ್ಟೆ ಒಗೀತಿದ್ದ ಹೆಂಗಸ್ರು ನಕ್ಕಿದ್ದು ಇನ್ನೂ ನೆನಪಿದೆ. ಒಳ್ಳೆ ಮಂತ್ರಿ ಆಗೋಕೆ ಆಗ್ದಿದ್ರೆ ಒಳ್ಳೆ ವೈದ್ಯ ಆಗು ಅನ್ನೋ ಮಾತು ಹಿಡ್ಕೊಂಡು ಈ ಊರೋರು ನಾರುಬೇರಿನ ಔಷಧಿ ವ್ಯಾಪಾರಕ್ಕೆ ಇಳಿದ್ರು, ಅಂಗಡಿ ಇಡೋಕೆ ಹೋದಲ್ಲೆಲ್ಲ ಹೆಸರೂ ಜೊತೆಗೆ ಹೋಯ್ತು.

ಕೊರಿಯಾದಲ್ಲೂ ಇದಾರೆ, ಅಲ್ಲಿ ಜೆಗಾಲ್ ಅಂತಾರೆ, ಕೆಲವೇ ಸಾವಿರ ಜನ. ಅವ್ರ ಮನೆತನದ ಕಥೆ ಪ್ರಕಾರ ಅಣ್ಣ ತಮ್ಮ ಇಬ್ರು ಆಸ್ತಿ ಥರ ಹೆಸರನ್ನೂ ಪಾಲು ಮಾಡ್ಕೊಂಡು ಒಬ್ಬ ಜೆ, ಇನ್ನೊಬ್ಬ ಗಾಲ್ ಆದ್ರಂತೆ!

ಇನ್ನೊಂದು ಸಣ್ಣ ವಿಷ್ಯ. ಲೇಖನದ ಹೆಡ್ಡಿಂಗಲ್ಲಿ ಲಿಯಾಂಗ್ ಮನೆತನ ಅಂತ ಹಾಕಿದ್ದೀರಿ. ಅಲ್ಲಿ ಸರ್‌ನೇಮ್ ಮೊದ್ಲು ಬರುತ್ತೆ, ಲಿಯಾಂಗ್ ಅಂದ್ರೆ ಅವನ ಸ್ವಂತ ಹೆಸರು. ನಮ್ಮ ಪೇಪರ್‌ಗಳು ಷಿ ಜಿನ್‌ಪಿಂಗ್‌ರನ್ನೂ ದಿನಾ ಜಿನ್‌ಪಿಂಗ್ ಅಂತ ಬಾಲ್ಯ ಸ್ನೇಹಿತನ್ನ ಕರೆದಂಗೆ ಕರೀತವೆ, ಅದು ಬಿಡಿ ರೂಢಿ ಆಗೋಗಿದೆ. ಇದೊಂದಕ್ಕೆ ಮುಂದಿನ ವಾರ ತಿದ್ದುಪಡಿ ಹಾಕಿ.

ಇಂತಿ,
ನಿಮ್ಮ ಹಳೇ ಓದುಗ, ಅರಸೀಕೆರೆ