‘ಏಟು ಬಿತ್ತು’ ಎಂದು ಬರೆದಿದ್ದೆ

ಮೈಸೂರಿನ ಕೇಂದ್ರ ಕಾರಾಗೃಹದಿಂದ ನಾನು ಹೊರಬಂದು ಈ ತಿಂಗಳಿಗೆ ಎರಡು ವರ್ಷ ತುಂಬಿತು. ಮಂಡ್ಯದ ಹತ್ತಿರದ ಒಂದು ಆಲೆಮನೆಯಲ್ಲಿ ಕೆಲಸಕ್ಕಿದ್ದೇನೆ. ಕಳೆದ ವಾರ ಯಜಮಾನರು ನನ್ನನ್ನು ಕೊಪ್ಪರಿಗೆಯ ಮುಂದೆ ನಿಲ್ಲಿಸಿ, “ಇನ್ನು ಮೇಲೆ ಪಾಕದ ಹದ ನೀನೇ ನೋಡು” ಎಂದರು. ಹದ ತಪ್ಪಿದರೆ ಒಂದು ಕೊಪ್ಪರಿಗೆ ಬೆಲ್ಲವೇ ಹಾಳು. ಅಂಥ ಕೆಲಸವನ್ನು ನನ್ನ ಕೈಗೆ ಕೊಟ್ಟರು. ಆ ರಾತ್ರಿ ನಿದ್ದೆ ಬರಲಿಲ್ಲ. ಯಾರ್ಯಾರ ಋಣದಲ್ಲಿದ್ದೇನೆ ಎಂದು ಎಣಿಸುತ್ತ ಮಲಗಿದ್ದೆ. ಹೆಸರು ಬರೆದರೆ ಕೆಲವರಿಗೆ ಇರಿಸುಮುರಿಸಾದೀತು. ಓದಿದರೆ ಅವರಿಗೇ ತಿಳಿಯುತ್ತದೆ.

ಮೊದಲು ನಾನು ಮಾಡಿದ್ದನ್ನು ಹೇಳಬೇಕು. 2009ರ ಬೇಸಿಗೆಯಲ್ಲಿ ವಿಶ್ವೇಶ್ವರಯ್ಯ ನಾಲೆಯ ಕಟ್ಟು ನೀರಿನ ಸರದಿಗಾಗಿ ಜಗಳವಾಡಿ, ನನ್ನ ದೊಡ್ಡಪ್ಪನ ಮಗನನ್ನು ಸಲಿಕೆಯಿಂದ ಹೊಡೆದು ಕೊಂದೆ. ನನಗೆ ಜೀವಾವಧಿ ಶಿಕ್ಷೆಯಾಯಿತು.

ಈ ಮಾತನ್ನು ಹೀಗೆ ಬರೆಯುವುದಕ್ಕೆ ನನಗೆ ಏಳು ವರ್ಷ ಹಿಡಿಯಿತು. ಬರೆಸಿದವರು ಮೇಷ್ಟ್ರು.

ಅವರು ನಿವೃತ್ತ ಹೈಸ್ಕೂಲು ಮೇಷ್ಟ್ರು. 2016ರಿಂದ ಪ್ರತಿ ಶನಿವಾರ ಮಧ್ಯಾಹ್ನ ಒಳಗೆ ಬಂದು ನಮಗೆ ತರಗತಿ ತೆಗೆದುಕೊಳ್ಳುತ್ತಿದ್ದರು. ನಾವು ಅದನ್ನು ‘ನಡತೆ ಕ್ಲಾಸು’ ಎನ್ನುತ್ತಿದ್ದೆವು. ಮೊದಲ ದಿನ ಹಲಗೆಯ ಮೇಲೆ ‘ಶೀಲ’ ಎಂದು ಬರೆದರು. ಹಿಂದೆ ಕೂತಿದ್ದವರು ನಕ್ಕರು. “ಹೆಂಗಸರ ವಿಷಯ ಬಂದಾಗ ಮಾತ್ರ ನಮಗೆ ಈ ಪದ ನೆನಪಾಗುತ್ತದೆ, ಅಲ್ಲವೇ? ಈ ಕೋಣೆಯಲ್ಲಿರುವುದು ಗಂಡಸರ ಶೀಲದ ಪ್ರಶ್ನೆ” ಎಂದರು. ಮತ್ತೆ ಯಾರೂ ನಗಲಿಲ್ಲ.

ಅವರು ನೀತಿಕಥೆ ಹೇಳಲಿಲ್ಲ. ಒಬ್ಬೊಬ್ಬರಿಗೂ ಒಂದೊಂದು ನೋಟುಪುಸ್ತಕ ಕೊಟ್ಟು, ಅಪರಾಧ ನಡೆದ ದಿನವನ್ನು ಬೆಳಿಗ್ಗೆ ಎದ್ದಾಗಿನಿಂದ ಬರೆಯಿರಿ ಎಂದರು. ಏನು ತಿಂದಿರಿ, ಯಾರೊಡನೆ ಮಾತನಾಡಿದಿರಿ, ಯಾವ ದಾರಿಯಲ್ಲಿ ಹೋದಿರಿ. ನಾನು ಒಂದೂವರೆ ಪುಟ ಬರೆದೆ. ಕೊನೆಯಲ್ಲಿ, ‘ಮಾತಿಗೆ ಮಾತು ಬೆಳೆಯಿತು, ಏಟು ಬಿತ್ತು, ಆಗಬಾರದ್ದು ಆಗಿಹೋಯಿತು’ ಎಂದು ಮುಗಿಸಿದ್ದೆ. ಮೇಷ್ಟ್ರು ‘ಬಿತ್ತು’ ಎಂಬ ಪದದ ಕೆಳಗೆ ಗೆರೆ ಎಳೆದು ಕೇಳಿದರು: “ಮಳೆ ಬೀಳುತ್ತದೆ, ತೆಂಗಿನಕಾಯಿ ಬೀಳುತ್ತದೆ. ಏಟು ತಾನಾಗಿ ಬಿತ್ತೇ?”

ನನಗೆ ಸಿಟ್ಟು ಬಂತು. ಎರಡು ಶನಿವಾರ ತರಗತಿಗೆ ಹೋಗಲಿಲ್ಲ. ಅವರು ಕರೆದುಕೊಂಡು ಬನ್ನಿ ಎಂದು ಯಾರನ್ನೂ ಕಳಿಸಲೂ ಇಲ್ಲ. ಮೂರನೆಯ ವಾರ ನಾನೇ ಹೋಗಿ ‘ಹೊಡೆದೆ’ ಎಂದು ತಿದ್ದಿದೆ. ‘ಕೊಂದೆ’ ಎಂದು ಬರೆಯುವ ಹೊತ್ತಿಗೆ ಇನ್ನೆರಡು ತಿಂಗಳಾಯಿತು. ನಮ್ಮ ಭಾಷೆಯಲ್ಲಿ ತಪ್ಪಿಸಿಕೊಳ್ಳುವುದಕ್ಕೆ ಎಷ್ಟೊಂದು ಕಿಂಡಿಗಳಿವೆ: ಗ್ರಹಚಾರ ಕೆಟ್ಟಿತ್ತು, ಹಣೆಯಲ್ಲಿ ಬರೆದಿತ್ತು, ಕೆಟ್ಟ ಗಳಿಗೆ, ಕೈ ಮೀರಿತು. ಅವರು ಒಂದೊಂದನ್ನೂ ಮುಚ್ಚಿಸಿದರು.

ಆಮೇಲೆ ಆ ದಿನದ ಕಥೆಯಲ್ಲಿ ನಾನು ಹಿಂದಿರುಗಬಹುದಾಗಿದ್ದ ಜಾಗಗಳಿಗೆಲ್ಲ ಗುರುತು ಹಾಕಿಸಿದರು. ಐದು ಸಿಕ್ಕವು. ತೂಬಿನ ಹತ್ತಿರ ನಾಲೆಯ ನೀರು ಬಿಡುವ ಸೌಡಿ ನಿಂತಿದ್ದ, ಅವನನ್ನು ಕರೆಯಬಹುದಿತ್ತು. ಹೆಂಡತಿ ಉಣ್ಣುವುದಕ್ಕೆ ಕೂಗಿದ್ದಳು. ನೀರು ಇನ್ನರ್ಧ ದಿನ ತಡವಾಗಿದ್ದರೆ ನನ್ನ ಪೈರು ಒಣಗುತ್ತಲೂ ಇರಲಿಲ್ಲ. ಈ ಐದನ್ನೂ ನನ್ನ ಕೈಯಲ್ಲೇ ಬರೆದ ರಾತ್ರಿ ಬ್ಯಾರಕ್ಕಿನಲ್ಲಿ ಮೊದಲ ಬಾರಿ ಅಣ್ಣನಿಗಾಗಿ ಅತ್ತೆ. ಅಲ್ಲಿಯವರೆಗೂ ನನಗಾಗಿ ಅತ್ತಿದ್ದೇ ಹೆಚ್ಚು.

ಮೇಷ್ಟ್ರೇ, ನಿಮ್ಮ ಕಾಲಿಗೆ ಬಿದ್ದರೆ ನೀವು ಬಯ್ಯುತ್ತೀರಿ. ಆದ್ದರಿಂದ ಇಲ್ಲಿಂದಲೇ ಕೈಮುಗಿಯುತ್ತೇನೆ.

ನನ್ನ ಪಕ್ಕದ ಹಾಸಿಗೆಯ ಅಜ್ಜನಿಗೆ ನಮಸ್ಕಾರ. ರಂಗಕರ್ಮಿ ಹುಲುಗಪ್ಪ ಕಟ್ಟೀಮನಿಯವರು ಬಂದಿಗಳಿಗೆ ನಾಟಕ ಕಲಿಸಿ ಹೊರಗಿನ ರಂಗಮಂದಿರಗಳಲ್ಲೂ ಆಡಿಸಿದರಲ್ಲ, ಆ ಕಾಲದಲ್ಲಿ ಬಣ್ಣ ಹಚ್ಚಿದವರಲ್ಲಿ ಅಜ್ಜನೂ ಒಬ್ಬ. ತನ್ನ ಪಾತ್ರದ ಮಾತನ್ನು ಇನ್ನೂ ಬಾಯಿಪಾಠ ಒಪ್ಪಿಸುತ್ತಿದ್ದ. ಏಳನೆಯ ತರಗತಿಗೆ ಶಾಲೆ ಬಿಟ್ಟಿದ್ದ ನನ್ನಿಂದ ದಿನವೂ ಪತ್ರಿಕೆಯನ್ನು ಗಟ್ಟಿಯಾಗಿ ಓದಿಸಿದವನು ಅವನೇ. ಕೊರೊನಾ ಕಾಲದಲ್ಲಿ ಹೊರಗಿನವರು ಬರುವುದು ನಿಂತು ಹೋದಾಗ, ಶನಿವಾರ ತಪ್ಪದಂತೆ ನಮ್ಮನ್ನು ಸುತ್ತ ಕೂರಿಸಿಕೊಂಡು ನೋಟುಪುಸ್ತಕ ತೆಗೆಸಿದವನೂ ಅವನೇ. ಲೆಕ್ಕ ಮುಗಿಸಿ ಬೀಗ ಹಾಕುವ ಹೊತ್ತಿನಲ್ಲಿ “ಬರೆದು ಮುಗಿಸಿಕೋ” ಎಂದು ಎರಡು ನಿಮಿಷ ಕಾದು ನಿಂತ ವಾರ್ಡರ್ ಅವರಿಗೂ ನಮಸ್ಕಾರ.

ಕೊಲೆಗೆ ಜೀವಾವಧಿಯಾದವರನ್ನು 14 ವರ್ಷ ತುಂಬುವ ಮೊದಲು ಬಿಡುವಂತಿಲ್ಲ. ತುಂಬಿದ ಮೇಲೆ ಬಿಡಲೇಬೇಕೆಂದೂ ಇಲ್ಲ. ನನ್ನ ಅರ್ಜಿಯನ್ನು ಬರೆದುಕೊಟ್ಟವರು ಕಾನೂನು ಸೇವೆಗಳ ಪ್ರಾಧಿಕಾರದ ಕಡೆಯಿಂದ ಬಂದ ವಕೀಲರು. ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ನೆರವು ಸಿಗಬೇಕೆಂದು 1987ರ ಕಾಯ್ದೆಯಲ್ಲೇ ಇದೆಯೆಂದು ಹೇಳಿಕೊಟ್ಟವರೂ ಅವರೇ. ಸನ್ನಡತೆಯ ಆಧಾರದ ಮೇಲೆ ಬಿಡುಗಡೆಯಾಯಿತು.

ಹೊರಗೆ ಬಂದ ಮೇಲೆ ಮೂರು ಕಡೆ ಕೆಲಸ ಕೇಳಿದೆ. ಎಲ್ಲಿದ್ದೆ ಎಂದು ಕೇಳಿದಾಗ ನಿಜವನ್ನೇ ಹೇಳಿದೆ, ಮೂರೂ ಕಡೆ ಇಲ್ಲವೆಂದರು. ಆಲೆಮನೆಯ ಯಜಮಾನರು ಎಲ್ಲವನ್ನೂ ಕೇಳಿಸಿಕೊಂಡು, ಒಲೆಯ ಬೂದಿ ತೆಗೆಯುವುದಕ್ಕೆ ಸಲಿಕೆ ಕೊಟ್ಟರು. ಕೈ ನಡುಗಿ ಸಲಿಕೆ ನೆಲಕ್ಕೆ ಬಿತ್ತು. ಅವರು ಅದನ್ನು ಎತ್ತಿ, ಹಿಡಿಯ ಬೂದಿಯನ್ನು ಪಂಚೆಯ ಅಂಚಿನಿಂದ ಒರೆಸಿ, ಮತ್ತೆ ನನ್ನ ಕೈಗೆ ಕೊಟ್ಟು, ಕಬ್ಬಿನ ಗಾಡಿಯ ಕಡೆಗೆ ಹೋದರು. ನನ್ನ ಕಡೆ ತಿರುಗಿ ನೋಡಲಿಲ್ಲ. ಆ ನಂಬಿಕೆಗೆ ನಾನು ಕೊಡಬಹುದಾದದ್ದು ದುಡಿಮೆ ಮಾತ್ರ.

ಹೆಂಡತಿಯ ವಿಷಯ ಬರೆಯುವುದು ಕಷ್ಟ. ಗಾರ್ಮೆಂಟ್ಸ್‌ನಲ್ಲಿ ದುಡಿದು ಮಗಳನ್ನು ಓದಿಸಿದಳು. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಮೈಸೂರಿಗೆ ಬಂದು ಜಾಲರಿಯಾಚೆ ನಿಲ್ಲುತ್ತಿದ್ದಳು. ಒಮ್ಮೆಯೂ “ಯಾಕೆ ಹೀಗೆ ಮಾಡಿದೆ” ಎಂದು ಕೇಳಲಿಲ್ಲ. ನೋಟುಪುಸ್ತಕವನ್ನು ಅವಳಿಗೆ ಓದಿ ಹೇಳಿದಾಗ, ಅವಳು ಕೂಗಿದ ಜಾಗ ಬಂದೊಡನೆ, “ನಾನು ಇನ್ನೊಂದು ಸಲ ಕೂಗಬೇಕಿತ್ತು” ಎಂದಳು. ಇಲ್ಲ ಕಣೇ. ಅದು ನಿನ್ನ ಲೆಕ್ಕಕ್ಕೆ ಸೇರುವುದಿಲ್ಲ.

ಅತ್ತಿಗೆಗೆ ಕೃತಜ್ಞತೆ ಹೇಳುವ ಯೋಗ್ಯತೆ ನನಗಿಲ್ಲ, ಕ್ಷಮೆ ಕೇಳಿ ಅವರಿಗೆ ಇನ್ನೊಂದು ಹೊರೆ ಹೊರಿಸುವುದೂ ಬೇಡ. ಬಂದಿಗಳ ಕೂಲಿಯಲ್ಲಿ ಒಂದು ಪಾಲು ನೊಂದವರಿಗೆ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ 1998ರಲ್ಲಿ ಹೇಳಿದ್ದನ್ನು ಮೇಷ್ಟ್ರು ತರಗತಿಯಲ್ಲಿ ಓದಿಸಿದ್ದರು. ಹೊರಬಂದ ಮೇಲೆ ಮೊದಲ ಸಂಬಳದಲ್ಲಿ ಅತ್ತಿಗೆಗೆ ಮನಿ ಆರ್ಡರ್ ಕಳಿಸಿದೆ. ವಾಪಸ್ ಬಂತು. ಮೇಷ್ಟ್ರಿಗೆ ಹೇಳಿದೆ. “ಬೇಡ ಎನ್ನುವುದು ಅವರ ಹಕ್ಕು. ನೀನು ಎತ್ತಿಡು” ಎಂದರು. ಅತ್ತಿಗೆಯ ಮಗನ ಹೆಸರಿನಲ್ಲಿ ಎತ್ತಿಡುತ್ತಿದ್ದೇನೆ. ನಮ್ಮ ಗದ್ದೆಯ ಸರದಿ ಬಂದಾಗಲೂ ನೀರು ಮೊದಲು ಅವನ ಗದ್ದೆಗೇ ಹೋಗಲೆಂದು ಸೌಡಿಗೆ ಹೇಳಿದ್ದೇನೆ.

ಕೊನೆಗೆ ಒಂದು ಕೋರಿಕೆ. ನನ್ನ ಜೊತೆ ಆ ತರಗತಿಯಲ್ಲಿ ಕೂತಿದ್ದ ಇಬ್ಬರು ಮುಂದಿನ ತಿಂಗಳು ಹೊರಗೆ ಬರುತ್ತಿದ್ದಾರೆ. ಒಬ್ಬ ಮರಗೆಲಸ ಬಲ್ಲ, ಇನ್ನೊಬ್ಬ ಮಗ್ಗದ ಕೆಲಸ ಕಲಿತಿದ್ದಾನೆ. ಮೈಸೂರು, ಮಂಡ್ಯದ ಕಡೆ ಕೆಲಸ ಕೊಡುವ ಮನಸ್ಸಿರುವವರು ಆಲೆಮನೆಗೆ ಬಂದು ಹೇಳಿ. ಮೊದಲ ಕೊಪ್ಪರಿಗೆ ಬೆಳಗಿನ ಜಾವಕ್ಕೇ ಒಲೆಗೇರುತ್ತದೆ. ಆಗಿನಿಂದ ಕತ್ತಲಾಗುವವರೆಗೂ ನಾನು ಅಲ್ಲೇ ಇರುತ್ತೇನೆ.