ಮಗಳಿಗೊಂದು ಪತ್ರ: ಮನೆ ಕಟ್ಟುವ ಲೆಕ್ಕ

ಮಗಳೇ,

ನೀನು ಕಳಿಸಿದ ಎಸ್ಟಿಮೇಟು ಕೂತು ಓದಿದೆ. ಇಷ್ಟು ಚದರಡಿ, ಚದರಡಿಗೆ ಇಷ್ಟು ರೇಟು, ಗುಣಿಸಿದರೆ ಇಷ್ಟು. ಅಷ್ಟೇ ಇದೆ. ಕೆಳಗೆ "ನಮ್ಮ ದುಡ್ಡಿಗೆ ಸರಿಯಾಗಿ ಕೂರುತ್ತೆ ಅಮ್ಮ" ಅಂತ ಬೇರೆ ಬರೆದಿದ್ದೀಯ. ನನಗೆ ದಿಗಿಲಾಗಿದ್ದು ಆ ಸಾಲು ಓದಿ. ಇರುವ ದುಡ್ಡಿಗೂ ಆಗುವ ಖರ್ಚಿಗೂ ಎಳ್ಳಷ್ಟೂ ಅಂತರ ಇಲ್ಲ ಅಂದರೆ ಪಾಯ ತೋಡುವಾಗಲೇ ಸಾಲ ಹುಡುಕಬೇಕಾಗುತ್ತದೆ.

ಚದರಡಿ ರೇಟು ಮಾತಿಗೆ ಚೆಂದ. ಅದನ್ನು ನಂಬಿ ದುಡ್ಡು ಹೊಂದಿಸಬೇಡ. ಮಲಗುವ ಕೋಣೆ ಅಂದರೆ ಗೋಡೆ, ಕಿಟಕಿ, ನಾಲ್ಕು ಸ್ವಿಚ್ಚು. ಬಚ್ಚಲು ಅದಕ್ಕಿಂತ ಎಷ್ಟೋ ಚಿಕ್ಕದು, ಆದರೆ ಪೈಪು, ನಲ್ಲಿ, ಟೈಲ್ಸು, ವಾಟರ್‌ಪ್ರೂಫಿಂಗ್ ಎಲ್ಲಾ ಅಲ್ಲೇ ಬಂದು ಸೇರುತ್ತವೆ. ಕೋಣೆಯನ್ನು ಸ್ವಲ್ಪ ಕುಗ್ಗಿಸಿ ಇನ್ನೊಂದು ಬಚ್ಚಲು ಮಾಡಿದರೆ ಚದರಡಿ ಅಷ್ಟೇ ಇರುತ್ತದೆ, ಖರ್ಚು ಮಾತ್ರ ಏರುತ್ತದೆ. ಆ ಚದರಡಿಯಲ್ಲಿ ಏನೇನು ಸೇರಿದೆ ಅಂತಲೂ ಕೇಳು. ಗೋಡೆಯ ದಪ್ಪ, ಮೆಟ್ಟಿಲು, ಬಾಲ್ಕನಿ, ಕಾರು ನಿಲ್ಲಿಸುವ ಜಾಗ ಇವನ್ನೆಲ್ಲ ಒಬ್ಬೊಬ್ಬರು ಒಂದೊಂದು ಥರ ಹಿಡಿಯುತ್ತಾರೆ. ಇಬ್ಬರು ಕಂಟ್ರಾಕ್ಟರುಗಳ ರೇಟು ಹೋಲಿಸುವ ಮುಂಚೆ ಇದು ಗೊತ್ತಿರಬೇಕು.

ಮನೆಯ ಆಕಾರಕ್ಕೂ ದುಡ್ಡು ಬೀಳುತ್ತದೆ. 30 ಅಡಿಗೆ 30 ಅಡಿ ಮನೆ 900 ಚದರಡಿ, ಹೊರಗೋಡೆಯ ಸುತ್ತಳತೆ 120 ಅಡಿ. 60 ಅಡಿಗೆ 15 ಅಡಿ ಆದರೂ ಅದೇ 900 ಚದರಡಿ, ಆದರೆ ಸುತ್ತಳತೆ 150 ಅಡಿ. ಗೋಡೆ 10 ಅಡಿ ಎತ್ತರ ಅಂದರೆ 300 ಚದರಡಿ ಹೆಚ್ಚಿನ ಗೋಡೆ ಕಟ್ಟಬೇಕು, ಅದರ ಎರಡೂ ಮೈಗೆ ಪ್ಲಾಸ್ಟರು, ಬಣ್ಣ. ಅದರ ಕೆಳಗೆ ಅಷ್ಟುದ್ದದ ಪಾಯ ಬೇರೆ. ನಿನ್ನ ಡ್ರಾಯಿಂಗಿನಲ್ಲಿ ಮುಂದೆ ಹಿಂದೆ ಚಾಚಿಕೊಂಡಿರುವ ಮೂಲೆಗಳಿವೆಯಲ್ಲ, ಅವು ನೋಡೋಕೆ ಚೆನ್ನಾಗಿವೆ, ನಿಜ. ಒಂದೊಂದು ಮೂಲೆಗೂ ಎಷ್ಟು ಕೊಡುತ್ತಿದ್ದೀಯ ಅಂತ ಆರ್ಕಿಟೆಕ್ಟ್ ಹತ್ತಿರ ಕೇಳಿಕೊಂಡು ಆಮೇಲೆ ಇಟ್ಟುಕೋ.

ಈಗ ಲೆಕ್ಕವನ್ನು ತಿರುಗಿಸಿ ಹಾಕು. ನೀವು ಮನೆಯ ಅಳತೆಯಿಂದ ಶುರು ಮಾಡಿದ್ದೀರಿ. ಕೈಯಲ್ಲಿರುವ ದುಡ್ಡಿನಿಂದ ಶುರು ಮಾಡಬೇಕು. ಒಟ್ಟು 100 ಇದೆ ಅಂದುಕೋ. ಮೊದಲು ಶೇ 10ರಿಂದ 15ರಷ್ಟು ಪಕ್ಕಕ್ಕೆ ಎತ್ತಿಡು. ಅದು ಒಳ್ಳೆಯ ಟೈಲ್ಸಿಗಲ್ಲ, ಮಾಡ್ಯುಲರ್ ಕಿಚನ್ನಿಗೂ ಅಲ್ಲ. ಮಣ್ಣು ಸಡಿಲ ಇದ್ದು ಪಾಯ ಆಳಕ್ಕೆ ಹೋದರೆ, ಬಂಡೆ ಸಿಕ್ಕರೆ, ನಡುವೆ ಕಬ್ಬಿಣದ ರೇಟು ಏರಿದರೆ, ಅದಕ್ಕೆ. ಆ ದುಡ್ಡಿನ ಸುದ್ದಿ ಕಂಟ್ರಾಕ್ಟರ್ ಮುಂದೆ ಎತ್ತಬೇಡ. ಗೊತ್ತಾದರೆ ಅದು ಉಳಿಯುವುದಿಲ್ಲ.

ಆಮೇಲೆ ಎಸ್ಟಿಮೇಟಿನಲ್ಲಿ ಇಲ್ಲದ್ದನ್ನೆಲ್ಲ ಬರೆದುಕೋ. ಮಣ್ಣು ಪರೀಕ್ಷೆ, ಆರ್ಕಿಟೆಕ್ಟ್ ಮತ್ತು ಸ್ಟ್ರಕ್ಚರಲ್ ಎಂಜಿನಿಯರ್ ಫೀಸು, ಪರವಾನಗಿ, ಕಟ್ಟುವಾಗ ಬೇಕಾಗುವ ನೀರು ಕರೆಂಟು, ಆಮೇಲಿನ ಕಾಯಂ ಕನೆಕ್ಷನ್ನು, ಕಾಂಪೌಂಡು, ಗೇಟು, ಮಳೆನೀರು ಹೋಗುವ ದಾರಿ, ಕಪಾಟು, ದೀಪ, ಪರದೆ. ಸಾಲದ ಬಡ್ಡಿಯನ್ನು ಮರೆಯಬೇಡ. ಮನೆ ಮುಗಿಯುವ ತನಕ ಈಗಿನ ಬಾಡಿಗೆಯೂ ಹೋಗುತ್ತಿರುತ್ತದೆ, ತೆಗೆದುಕೊಂಡ ಸಾಲಕ್ಕೆ ಬಡ್ಡಿಯೂ ಹೋಗುತ್ತಿರುತ್ತದೆ. ಕೆಲಸ ಮೂರು ತಿಂಗಳು ತಡವಾದರೆ ಎರಡೂ ಮೂರು ತಿಂಗಳು ಜಾಸ್ತಿ. ಇದನ್ನೆಲ್ಲ ಕಳೆದು ಉಳಿದ ದುಡ್ಡಿಗೆ ಎಷ್ಟು ಮನೆ ಬರುತ್ತದೋ ಅಷ್ಟು ಕಟ್ಟಿ. ದುಡ್ಡು ಸಾಲದು ಅನಿಸಿದರೆ ಮನೆಯ ಅಳತೆ ಕಡಿಮೆ ಮಾಡಿ. ಸಿಮೆಂಟು, ಕಬ್ಬಿಣ ಕಡಿಮೆ ಮಾಡಲು ಹೋಗಬೇಡಿ.

ಎಲ್ಲಿ ಕೈ ಬಿಗಿ ಹಿಡಿಯಬೇಕು ಅಂತ ಕೇಳಿದ್ದೀಯ. ನನ್ನ ಲೆಕ್ಕ ಒಂದೇ. ಮುಚ್ಚಿಹೋಗುವ ಕೆಲಸಕ್ಕೆ ಮೊದಲು ದುಡ್ಡು. ಪಾಯ, ಕಂಬ, ಸ್ಲ್ಯಾಬು, ಗೋಡೆಯೊಳಗಿನ ಪೈಪು, ವೈರು, ಬಚ್ಚಲು ಮತ್ತು ತಾರಸಿಯ ವಾಟರ್‌ಪ್ರೂಫಿಂಗ್. ಇವನ್ನು ಸರಿ ಮಾಡಬೇಕಾದರೆ ಮತ್ತೆ ಒಡೆಯಬೇಕು. ಕಪಾಟು, ಫಾಲ್ಸ್ ಸೀಲಿಂಗು, ಅಲಂಕಾರದ ದೀಪ ಎರಡು ವರ್ಷ ಬಿಟ್ಟು ಮಾಡಿದರೂ ಯಾರೂ ಕೇಳುವುದಿಲ್ಲ. ಎ.ಸಿ. ಈಗ ಬೇಡವಾದರೆ ಬೇಡ, ಅದರ ಖಾಲಿ ಪೈಪನ್ನು ಮಾತ್ರ ಪ್ಲಾಸ್ಟರಿಂಗ್‌ಗೆ ಮುಂಚೆ ಗೋಡೆಯೊಳಗೆ ಹಾಕಿಸಿಡು. ನೆಂಟರು ಬಂದು ನೋಡುವುದು ನೆಲ, ಬಾಗಿಲು, ಅಡುಗೆಮನೆ. ಅದಕ್ಕೇ ಎಲ್ಲರ ದುಡ್ಡೂ ಅಲ್ಲೇ ಹೋಗುತ್ತದೆ.

ಬಜೆಟ್ಟು ಕೆಡುವುದು ಹೆಚ್ಚಾಗಿ ಕಟ್ಟುವಾಗ ಮನಸ್ಸು ಬದಲಾಯಿಸುವುದರಿಂದ. ಕಾಗದದ ಮೇಲೆ ಕಿಟಕಿ ಸರಿಸಲು ರಬ್ಬರ್ ಸಾಕು. ಗೋಡೆ ಎದ್ದ ಮೇಲೆ ಒಡೆಯುವ ಕೂಲಿ, ಮತ್ತೆ ಕಟ್ಟುವ ಕೂಲಿ, ಹಾಳಾದ ಸಾಮಾನು, ಕಳೆದುಹೋದ ದಿನ ಎಲ್ಲಾ ನಿನ್ನ ತಲೆಗೆ. ಅಳಿಯಂದಿರು ದಿನಕ್ಕೊಂದು ಫೋಟೋ ತೋರಿಸುವುದನ್ನು ಪಾಯ ತೋಡುವ ಮುಂಚೆಯೇ ಮುಗಿಸಲಿ. ಆಮೇಲೂ ಏನಾದರೂ ಬದಲಾಯಿಸಲೇಬೇಕು ಅಂದರೆ ಅದಕ್ಕೆ ಎಷ್ಟು, ಎಷ್ಟು ದಿನ ಅಂತ ಬರೆಸಿಕೊಂಡು ಸಹಿ ಹಾಕಿಸಿ. "ಎಕ್ಸ್‌ಟ್ರಾ ವರ್ಕ್ ಕೊನೆಗೆ ನೋಡೋಣ ಬಿಡಿ" ಅನ್ನುವ ಮಾತಿಗೆ ತಲೆ ಆಡಿಸಬೇಡ.

ಒಪ್ಪಂದದಲ್ಲಿ ಒಟ್ಟು ಮೊತ್ತ ಇದ್ದರೆ ಸಾಲದು. ಯಾವ ಕೆಲಸ, ಎಷ್ಟು ಪ್ರಮಾಣ, ಯಾವ ಗುಣಮಟ್ಟ ಅಂತ ಐಟಂವಾರು ಇರಬೇಕು. ಟೈಲ್ಸು, ನಲ್ಲಿಗೆ ಅಂದಾಜು ಮೊತ್ತ ಹಾಕಿರುತ್ತಾರೆ. ಆ ಮೊತ್ತ ಹಿಡಿದುಕೊಂಡು ಒಮ್ಮೆ ಅಂಗಡಿಗೆ ಹೋಗಿ ಬಾ, ನಿನಗೆ ಇಷ್ಟವಾದದ್ದು ಅದರಲ್ಲಿ ಬರುತ್ತದಾ ಗೊತ್ತಾಗುತ್ತದೆ. ಕಂತುಗಳು ತಾರೀಕಿನ ಪ್ರಕಾರ ಬೇಡ. ಪಾಯ ಮುಗಿದ ಮೇಲೆ ಇಷ್ಟು, ಸ್ಲ್ಯಾಬು ಮುಗಿದ ಮೇಲೆ ಇಷ್ಟು ಅಂತ ಇರಲಿ. ಕೊಟ್ಟ ದುಡ್ಡು ಆದ ಕೆಲಸಕ್ಕಿಂತ ಮುಂದೆ ಓಡಬಾರದು. ಕೊನೆಯ ಒಂದು ಪಾಲನ್ನು ಸೋರಿಕೆ, ಬಿರುಕು ಎಲ್ಲಾ ನೋಡುವ ತನಕ ಹಿಡಿದಿಡು. ಇದನ್ನು ಮೊದಲೇ ಒಪ್ಪಂದದಲ್ಲಿ ಬರೆಸಿದರೆ ಯಾರಿಗೂ ಬೇಜಾರಿಲ್ಲ.

ಸಾಮಾನು ನೀವೇ ಕೊಳ್ಳುವುದಾದರೆ ಎರಡು ವಿಷಯ ಗೊತ್ತಿರಲಿ. ಕಬ್ಬಿಣದ ಕಂಬಿಯ ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸು. ಮೀಟರಿಗೆ ಎಷ್ಟು ಕೆ.ಜಿ. ಅಂತ ಸಿಗುತ್ತದೆ. 12 ಮಿ.ಮೀ. ಕಂಬಿ ಮೀಟರಿಗೆ ಸುಮಾರು 0.89 ಕೆ.ಜಿ. ಕಂಬಿ ಎಣಿಸಿ, ಒಟ್ಟು ಎಷ್ಟು ಮೀಟರ್ ಆಯಿತೋ ಅದನ್ನು ಇದರಿಂದ ಗುಣಿಸಿ ಬಿಲ್ಲಿನ ತೂಕದ ಜೊತೆ ತಾಳೆ ನೋಡು, ಸ್ವಲ್ಪ ಆಚೀಚೆ ಆದರೆ ಪರವಾಗಿಲ್ಲ. ಮರಳು ಸ್ವಲ್ಪ ಒದ್ದೆ ಇದ್ದಾಗ ಉಬ್ಬಿಕೊಳ್ಳುತ್ತದೆ, ಶೇ 20-30ರವರೆಗೂ. ಲೋಡಿನ ಅಳತೆಯಲ್ಲಿ ಕೊಂಡರೆ ಅಷ್ಟು ಗಾಳಿಗೆ ದುಡ್ಡು ಕೊಟ್ಟ ಹಾಗೆ. ತೂಕದಲ್ಲಿ ಕೊಂಡರೆ ನೀರಿಗೆ ಕೊಡುತ್ತೀಯ, ಆದರೆ ಅದು ಕಡಿಮೆ.

ನಾನು ಹೇಳಿದ ಹಾಗೆ ಲೆಕ್ಕ ತಿರುಗಿಸಿ ಹಾಕಿದಾಗ ಮೂರನೇ ಕೋಣೆ ಹೋಗಬಹುದು. ಹೋದರೆ ಹೋಗಲಿ. ಮುಂದೆ ಮೇಲೆ ಕಟ್ಟುವ ಆಸೆ ಇದ್ದರೆ ಎಂಜಿನಿಯರಿಗೆ ಈಗಲೇ ಹೇಳಿ, ಪಾಯ ಮತ್ತು ಕಂಬ ಆ ಭಾರಕ್ಕೆ ತಕ್ಕ ಹಾಗೆ ಇರಲಿ. ಮೆಟ್ಟಿಲಿನ ಜಾಗ ಬಿಟ್ಟಿರಿ. ಹೊಸ ಲೆಕ್ಕ ಬರೆದು ಕಳಿಸು, ನಾನು ಬರುವಾಗ ಟೇಪು ತರುತ್ತೇನೆ.

ಇತಿ,
ಅಮ್ಮ