ಪೆನ್ಷನ್ ಇದೆ, ಮನೆ ಎಲ್ಲಿದೆ?

ಸಂಪಾದಕರಿಗೆ ನಮಸ್ಕಾರ,

ಮಾಜಿ ಸೈನಿಕರಿಗೆ ಪೆನ್ಷನ್ ಇದೆ, ಕ್ಯಾಂಟೀನ್ ಇದೆ, ಇಸಿಎಚ್‌ಎಸ್ ಅನ್ನೋ ಆಸ್ಪತ್ರೆ ಸವಲತ್ತು ಇದೆ, ಇನ್ನೇನ್ ಬೇಕು ಅಂತ ಕೇಳೋರಿಗೆ ನಾನು ಹೇಳೋದು ಇಷ್ಟೇ, ಮನೆ ಇಲ್ಲ ಸ್ವಾಮಿ.

ನಮ್ ಯಜಮಾನ್ರು ಹವಾಲ್ದಾರ್ ಆಗಿ ರಿಟೈರ್ ಆದಾಗ ವಯಸ್ಸು ನಲವತ್ತೂ ಆಗಿರ್ಲಿಲ್ಲ. ಫ್ಯಾಮಿಲಿ ಜೊತೆಗಿರೋ ಹಾಗಿಲ್ಲದ ಫೀಲ್ಡ್ ಪೋಸ್ಟಿಂಗ್ ಬಂದ್ರೆ ನಾನು ಮಕ್ಳು ಹಾಸನದ ಕಡೆ ಅತ್ತೆ ಮನೇಲಿ, ಜೊತೆಗಿರೋಕೆ ಆಗೋ ಪೀಸ್ ಸ್ಟೇಷನ್ ಸಿಕ್ರೆ ಕ್ವಾರ್ಟರ್ಸಲ್ಲಿ, ಅದೂ ಎರಡು ಮೂರು ವರ್ಷ ಅಷ್ಟೇ, ಮತ್ತೆ ಟ್ರಂಕ್ ಕಟ್ಟೋದು. ಕೊನೆಗೆ ಊರಿಗೆ ಬಂದ್ರೆ ಮೈದುನಂದಿರು ಹಿಸ್ಸೆ ಮಾಡ್ಕೊಂಡು ಗೋಡೆ ಎಬ್ಬಿಸಿ ಆಗಿತ್ತು, ನಮ್ ಪಾಲಿಗೆ ಬಂದಿದ್ದು ಬೀಳೋ ಹಾಗಿರೋ ಕೊಟ್ಟಿಗೆ. ಅವರನ್ನ ಬೈಯ್ಯೋ ಹಾಗೂ ಇಲ್ಲ, ಅತ್ತೆ ಮಾವನ್ನ ನೋಡ್ಕೊಂಡಿದ್ದು ಅವರೇ.

ದುಡ್ಡು ಬಂದಿರತ್ತಲ್ಲ ಅಂತೀರಿ. ಪೆನ್ಷನ್‌ನಲ್ಲಿ ಅರ್ಧದವರೆಗೂ ಕಮ್ಯೂಟ್ ಮಾಡಿ, ಅಂದ್ರೆ ಮುಂಗಡವಾಗಿ, ಒಟ್ಟಿಗೆ ತಗೋಬಹುದು, ನಾವೂ ತಗೊಂಡ್ವಿ, ಆದ್ರೆ 15 ವರ್ಷ ತಿಂಗಳು ತಿಂಗಳು ಅದು ಕಟ್ ಆಗ್ತಾನೇ ಇರತ್ತೆ. ಆ ದುಡ್ಡು ನಾದಿನಿ ಮದುವೆಗೆ, ಮಕ್ಕಳ ಫೀಸಿಗೆ ಹೋಯ್ತು. ಈಗ ಬೆಂಗಳೂರಲ್ಲಿ ಬಾಡಿಗೆ ಮನೆ, ಅವರು ಅಪಾರ್ಟ್‌ಮೆಂಟ್ ಒಂದರಲ್ಲಿ ನೈಟ್ ಶಿಫ್ಟ್ ಸೆಕ್ಯೂರಿಟಿ. ಆರ್ಮಿ ವೆಲ್ಫೇರ್ ಹೌಸಿಂಗ್‌ನೋರು ಫ್ಲ್ಯಾಟ್ ಕಟ್ಟಿ ಕೊಡ್ತಾರೆ ನಿಜ, ಆ ರೇಟು ನಮ್ಮಂಥೋರಿಗಲ್ಲ.

ಸರ್ಕಾರಿ ಜಮೀನಲ್ಲಿ ಮಾಜಿ ಸೈನಿಕರಿಗೆ ಪಾಲು ಅಂತ 1969ರ ಭೂ ಮಂಜೂರಾತಿ ನಿಯಮದಲ್ಲೇ ಇದೆ. ಅರ್ಜಿ ಹಾಕಿದ್ವಿ. ತಾಲೂಕು ಆಫೀಸಲ್ಲಿ ಒಂದ್ಸಲ ಗೋಮಾಳ ಅಂದ್ರು, ಒಂದ್ಸಲ ಫಾರೆಸ್ಟ್ ಅಂದ್ರು, ಇನ್ನೊಂದ್ಸಲ ಸಾಹೇಬ್ರು ಮೀಟಿಂಗಿಗೆ ಹೋಗಿದಾರೆ. ಸರಿ, ಜಮೀನು ಇಲ್ಲ ಅಂತಾದ್ರೂ ಬರೆದು ಕೊಡಿ ಅಂದ್ರೆ ಅದನ್ನೂ ಕೊಡಲ್ಲ! ಆಗಸ್ಟ್ 15ಕ್ಕೆ ಮಾತ್ರ ಶಾಲು ಹೊದಿಸೋಕೆ ಕರೀತಾರೆ.

ಈಗ ಬರೀತಿರೋದಕ್ಕೆ ಕಾರಣ ನಾಲ್ಕೇ ವರ್ಷಕ್ಕೆ ಅಂತ ಸೇನೆಗೆ ಸೇರೋ ಅಗ್ನಿವೀರ್ ಹುಡುಗ್ರು. 2022ರ ಸ್ಕೀಮ್ ಪ್ರಕಾರ ನಾಲ್ಕು ವರ್ಷ ಆದ್ಮೇಲೆ ನೂರರಲ್ಲಿ ಹೆಚ್ಚು ಅಂದ್ರೆ 25 ಜನ ಉಳೀತಾರೆ, ಮಿಕ್ಕೋರು ಸುಮಾರು 11.71 ಲಕ್ಷ ಸೇವಾನಿಧಿ ಅನ್ನೋ ಇಡಿಗಂಟು ತಗೊಂಡು ಆಚೆ, ಪೆನ್ಷನ್ನೂ ಇಲ್ಲ. ಪೆನ್ಷನ್ ಇರೋ ನಮಗೇ ಹೀಗಾದ್ರೆ ಅವರ ಕಥೆ ಏನು? ಜಮೀನು ಸೈಟಿನ ಮೀಸಲಲ್ಲಿ ಅವರೂ ಬರ್ತಾರೆ ಅಂತ ರಾಜ್ಯ ಸರ್ಕಾರ ಈಗ್ಲೇ ಆರ್ಡರ್ ಮಾಡ್ಲಿ.

ಇನ್ನೊಂದು, ರಿಟೈರ್ ಆಗೋಕೆ ವರ್ಷ ಮುಂಚೇನೇ ಯುನಿಟ್‌ನಿಂದ್ಲೇ ಅರ್ಜಿ ಕಳಿಸೋ ಹಾಗೆ ಮಾಡಿ, ಇಂತಿಷ್ಟು ದಿನದಲ್ಲಿ ಹೌದೋ ಅಲ್ವೋ ಅಂತ ಲಿಖಿತವಾಗಿ ಉತ್ತರ ಬರ್ಲಿ. ಎಕರೆಗಟ್ಟಲೆ ಜಮೀನೇ ಬೇಕು ಅಂತ ಹಠ ಇಲ್ಲ, ಊರ ಹತ್ರ 30x40 ಅಡಿಯ ಒಂದು ಸೈಟು ಸಿಕ್ರೂ ಆಯ್ತು, ಮನೆ ನಾವೇ ಕಟ್ಕೋತೀವಿ.

ಇಂತಿ,
ಮಾಜಿ ಸೈನಿಕರೊಬ್ಬರ ಹೆಂಡತಿ, ಬೆಂಗಳೂರು